ಜಿಪಿಎ 2.73 ಇದ್ದರೂ ಮಗಳ ಕಾಲೇಜು ನೆರವಿಗೆ ಕುತ್ತು ಏಕೆ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇವೆ, ಎಲ್ಲರಿಗೂ ಗ್ರೀನ್ ಕಾರ್ಡ್ ಇದೆ. ಒಬ್ಬರ ಸಂಬಳದ ಮನೆ. ಮಗಳು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬಯಾಲಜಿ ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಪೆಲ್ ಗ್ರಾಂಟ್ (ಕೇಂದ್ರ ಸರ್ಕಾರ ಕೊಡುವ, ಮರಳಿಸಬೇಕಿಲ್ಲದ ನೆರವು), ಕೇಂದ್ರ ಸರ್ಕಾರದ ಸಾಲ, ರಾಜ್ಯದ ಹೋಪ್ ಸ್ಕಾಲರ್‌ಶಿಪ್ ಮೂರೂ ಸೇರಿ ಅವಳ ಓದು ನಡೆಯುತ್ತಿದೆ. ಅಕ್ಟೋಬರ್‌ನಲ್ಲಿ ನನ್ನ ತಾಯಿ ತೀರಿಕೊಂಡರು. ಮಗಳೂ ನಮ್ಮೊಂದಿಗೆ ಊರಿಗೆ ಬಂದು ಮೂರು ವಾರ ಇದ್ದಳು. ವಾಪಸ್ ಬಂದ ಮೇಲೆ ಎರಡು ಕೋರ್ಸ್ ಬಿಟ್ಟಳು, ಆರ್ಗಾನಿಕ್ ಕೆಮಿಸ್ಟ್ರಿಯಲ್ಲಿ ಫೇಲಾದಳು. ಈಗ ಕಾಲೇಜಿನಿಂದ ‘ತೃಪ್ತಿಕರ ಶೈಕ್ಷಣಿಕ ಪ್ರಗತಿ ಇಲ್ಲ’ ಎಂಬ ನೋಟಿಸ್ ಬಂದಿದೆ. ಜಿಪಿಎ, ಅಂದರೆ ನಾಲ್ಕರ ಅಳತೆಯ ಸರಾಸರಿ ದರ್ಜೆ, 2.73 ಇದೆ, ಬೇಕಾದದ್ದು 2.0 ಮಾತ್ರ. ಹಾಗಿದ್ದರೆ ತಪ್ಪಿದ್ದೆಲ್ಲಿ? ಫೇಲಾದ ಕೋರ್ಸ್ ಮತ್ತೆ ಬರೆದು ಪಾಸಾದರೆ ಸರಿಹೋಗುವುದಿಲ್ಲವೇ? ಮುಂದಿನ ಸೆಮಿಸ್ಟರ್ ಬಿಟ್ಟು ಸುಧಾರಿಸಿಕೊಳ್ಳಲಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮಗಳು ರಜೆಗೆ ಮನೆಗೆ ಬಂದಿದ್ದಾಳೆ, ಕೋಣೆಯಿಂದ ಹೊರಗೆ ಬರುತ್ತಿಲ್ಲ. ಕಾಲೇಜಿಗೆ ನಾನೇ ಒಂದು ಪತ್ರ ಬರೆಯಲೇ?

ಉತ್ತರ: ತಾಯಿಯನ್ನು ಕಳೆದುಕೊಂಡ ದುಃಖದ ನಡುವೆಯೇ ನಿಮಗೆ ಈ ನೋಟಿಸ್ ಬಂದಿದೆ. ನಿಮ್ಮ ಪತ್ರದ ಜೊತೆಗಿದ್ದ ಅಂಕಪಟ್ಟಿಯನ್ನು ಎರಡು ಸಲ ಕೂಡಿ ನೋಡಿದೆ. ಪ್ರತಿ ಕೋರ್ಸಿಗೂ ಅದರ ತೂಕಕ್ಕೆ ತಕ್ಕಷ್ಟು ಕ್ರೆಡಿಟ್ ಇರುತ್ತದೆ. ನಿಮ್ಮ ಮಗಳು ಗೆರೆಯ ಕೆಳಗೆ ಬಿದ್ದಿರುವುದು ಅಂಥ ಒಂದೇ ಒಂದು ಕ್ರೆಡಿಟ್‌ನಿಂದ. ಮೊದಲು ಅವಳ ಕೋಣೆಯ ಬಾಗಿಲು ತಟ್ಟಿ ಇದನ್ನು ಹೇಳಿ. ಆಮೇಲೆ ಉಳಿದದ್ದನ್ನು ಓದಿ.

ಪೆಲ್ ಗ್ರಾಂಟ್ ಇರಲಿ, ಸಾಲ ಇರಲಿ, ಕ್ಯಾಂಪಸ್‌ನಲ್ಲಿ ಕೊಡುವ ವರ್ಕ್-ಸ್ಟಡಿ ಕೆಲಸ ಇರಲಿ, ಪೋಷಕರು ತೆಗೆದುಕೊಳ್ಳುವ ಪ್ಲಸ್ ಸಾಲವೇ ಇರಲಿ, ಕೇಂದ್ರ ಸರ್ಕಾರದ ಹಣ ಪಡೆಯುವ ಪ್ರತಿ ವಿದ್ಯಾರ್ಥಿಯೂ ಓದಿನಲ್ಲಿ ಮುಂದೆ ಸಾಗುತ್ತಿದ್ದಾನೆಯೇ ಎಂದು ಕಾಲೇಜು ನೋಡಲೇಬೇಕು. ಇದಕ್ಕೆ ಸ್ಯಾಪ್ ಎನ್ನುತ್ತಾರೆ, ಅಂದರೆ ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್. ಈ ನೆರವಿಗೆಲ್ಲ ಮೂಲವಾದ ಉನ್ನತ ಶಿಕ್ಷಣ ಕಾಯ್ದೆ 1965ರದು. ಸ್ಯಾಪ್ ನಿಯಮಗಳು ಈಗಿನ ರೂಪಕ್ಕೆ ಬಂದದ್ದು 2011ರ ಜುಲೈನಿಂದ. ನಿಯಮದ ಚೌಕಟ್ಟು ಕೇಂದ್ರದ್ದು, ಅದರೊಳಗಿನ ಅಂಕಿಗಳನ್ನು ಬಹುಮಟ್ಟಿಗೆ ಆಯಾ ಕಾಲೇಜೇ ಗೊತ್ತುಮಾಡುತ್ತದೆ. ಹಾಗಾಗಿ ಪಕ್ಕದ ಮನೆಯ ಹುಡುಗನ ಕಾಲೇಜಿನ ನಿಯಮ ನಿಮ್ಮ ಮಗಳಿಗೆ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ಸ್ಯಾಪ್‌ನಲ್ಲಿ ನೋಡುವುದು ಮೂರನ್ನು. ಮೊದಲನೆಯದು ನಿಮಗೆ ಗೊತ್ತಿರುವ ಜಿಪಿಎ. ನಾಲ್ಕು ವರ್ಷದ ಪದವಿಯಲ್ಲಿ ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಸರಾಸರಿ ‘ಸಿ’ ದರ್ಜೆ ಅಥವಾ ಆ ಕಾಲೇಜಿನಲ್ಲಿ ಪದವಿಗೆ ಬೇಕಾದ ಮಟ್ಟ ಇರಬೇಕು. ಅದರಲ್ಲಿ ನಿಮ್ಮ ಮಗಳಿಗೆ ತೊಂದರೆಯಿಲ್ಲ. ಮೂರನೆಯದು ಗರಿಷ್ಠ ಮಿತಿ: 120 ಕ್ರೆಡಿಟ್‌ನ ಪದವಿಯನ್ನು ಅದರ ಒಂದೂವರೆ ಪಟ್ಟು, ಅಂದರೆ 180 ಕ್ರೆಡಿಟ್ ಪ್ರಯತ್ನಿಸುವುದರೊಳಗೆ ಮುಗಿಸಬೇಕು. ಅವಳು ಇದುವರೆಗೆ ಪ್ರಯತ್ನಿಸಿರುವುದು 46, ಗಳಿಸಬೇಕಾಗಿ ಉಳಿದಿರುವುದು 90. ಎರಡೂ ಸೇರಿದರೆ 136. ಅಲ್ಲಿಯೂ ಭಯವಿಲ್ಲ.

ಎಡವಿರುವುದು ನಡುವಿನ ಎರಡನೆಯದರಲ್ಲಿ. ಅದಕ್ಕೆ ಪೇಸ್ ಎನ್ನುತ್ತಾರೆ. ಗಳಿಸಿದ ಒಟ್ಟು ಕ್ರೆಡಿಟ್‌ಗಳನ್ನು ಪ್ರಯತ್ನಿಸಿದ ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದಾಗ ಬರುವ ಪ್ರಮಾಣ ಅದು. ಬಹಳ ಕಾಲೇಜುಗಳಲ್ಲಿ ಇದು ಶೇ 67 ಇರಬೇಕು, ನಿಮ್ಮ ನೋಟಿಸ್‌ನಲ್ಲಿಯೂ ಅದೇ ಇದೆ. ಈ 67 ಬಂದದ್ದು ಆ ಒಂದೂವರೆ ಪಟ್ಟಿನಿಂದಲೇ: 180 ಪ್ರಯತ್ನಿಸಿ 120 ಗಳಿಸಿದರೆ ಮೂರರಲ್ಲಿ ಎರಡು ಪಾಲು, ಅಂದರೆ 66.67.

ಈಗ ಅಂಕಪಟ್ಟಿಗೆ ಬನ್ನಿ. ಮೊದಲ ಸೆಮಿಸ್ಟರ್‌ನಲ್ಲಿ 15ಕ್ಕೆ 15 ಬಂದಿದೆ. ಎರಡನೆಯದರಲ್ಲಿ 16 ಕ್ರೆಡಿಟ್ ತೆಗೆದುಕೊಂಡು, ನಾಲ್ಕು ಕ್ರೆಡಿಟ್‌ನ ಕ್ಯಾಲ್ಕುಲಸ್ ಅನ್ನು ನಡುವೆ ಬಿಟ್ಟಿದ್ದಾಳೆ, ಗಳಿಸಿದ್ದು 12. ಮೂರನೆಯದರಲ್ಲಿ 15ರ ಪೈಕಿ ಎಂಟಕ್ಕೆ ‘ಡಬ್ಲ್ಯೂ’, ಅಂದರೆ ನಡುವೆ ಬಿಟ್ಟ ಗುರುತು, ನಾಲ್ಕಕ್ಕೆ ‘ಎಫ್’, ಕೈಗೆ ಬಂದದ್ದು ಮೂರೇ ಮೂರು. ಒಟ್ಟು ಪ್ರಯತ್ನ 46, ಗಳಿಕೆ 30. ಭಾಗಿಸಿದರೆ ಶೇ 65.2. ಒಂದು ಕ್ರೆಡಿಟ್ ಹೆಚ್ಚಿಗೆ ಇದ್ದು 31 ಆಗಿದ್ದರೆ 67.4 ಆಗುತ್ತಿತ್ತು, ಈ ನೋಟಿಸ್ ಬರುತ್ತಲೇ ಇರಲಿಲ್ಲ.

ಹಿಂದಿನ ವಸಂತದಲ್ಲಿ ಬಿಟ್ಟ ಆ ಕ್ಯಾಲ್ಕುಲಸ್ ನಿಮಗೆ ಮರೆತೇಹೋಗಿತ್ತು ಅನ್ನಿಸುತ್ತದೆ, ನಿಮ್ಮ ಪತ್ರದಲ್ಲಿ ಅದರ ಸುದ್ದಿಯಿಲ್ಲ. ನಮ್ಮ ಕುಟುಂಬಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಮಕ್ಕಳು ‘ಎಫ್ ಬಂದರೆ ಜಿಪಿಎ ಹಾಳಾಗುತ್ತದೆ, ಡಬ್ಲ್ಯೂ ತೆಗೆದುಕೊಂಡರೆ ಏನೂ ಆಗುವುದಿಲ್ಲ’ ಎನ್ನುತ್ತಾರೆ. ಜಿಪಿಎ ಮಟ್ಟಿಗೆ ಅದು ನಿಜ. ಆದರೆ ಪೇಸ್ ಲೆಕ್ಕದಲ್ಲಿ ಡಬ್ಲ್ಯೂಗೂ ಎಫ್‌ಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಎರಡೂ ಪ್ರಯತ್ನಿಸಿದ್ದು, ಎರಡೂ ಗಳಿಸದೇ ಇದ್ದದ್ದು. ಅಧ್ಯಾಪಕರು ಕರುಣೆಯಿಂದ ‘ಇನ್‌ಕಂಪ್ಲೀಟ್’ ಕೊಟ್ಟರೂ, ಅಂತಿಮ ದರ್ಜೆ ದಾಖಲಾಗುವವರೆಗೆ ಅದೂ ಗಳಿಸದ ಕ್ರೆಡಿಟ್ಟೇ.

ಫೇಲಾದದ್ದನ್ನು ಮತ್ತೆ ಬರೆದು ಪಾಸಾದರೆ ಸರಿಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಆ ಪ್ರಶ್ನೆಯ ಹಿಂದೆ ನಮ್ಮ ಊರಿನ ಪರೀಕ್ಷೆಯ ರೂಢಿ ಇದೆ. ಕರ್ನಾಟಕದಲ್ಲಿ ಎಂಜಿನಿಯರಿಂಗೋ ಬಿ.ಎಸ್‌ಸಿಯೋ ಓದಿದವರಿಗೆ ಬ್ಯಾಕ್‌ಲಾಗ್ ಎಂದರೆ ಕಟ್ಟಿ ತೀರಿಸಬಹುದಾದ ಬಾಕಿ. ಮುಂದಿನ ಬಾರಿ ಪರೀಕ್ಷಾ ಶುಲ್ಕ ಕಟ್ಟಿ, ಬರೆದು, ಪಾಸಾದರೆ ಆ ವಿಷಯ ಮುಗಿಯಿತು. ಇಲ್ಲಿ ಹಾಗಲ್ಲ. ಆರ್ಗಾನಿಕ್ ಕೆಮಿಸ್ಟ್ರಿಯನ್ನು ಮತ್ತೆ ತೆಗೆದುಕೊಂಡು ಪಾಸಾದರೆ ಗಳಿಕೆಗೆ ನಾಲ್ಕು ಸೇರುತ್ತದೆ, ಪ್ರಯತ್ನಕ್ಕೂ ಇನ್ನೊಂದು ನಾಲ್ಕು ಸೇರುತ್ತದೆ. ಹಳೆಯ ನಾಲ್ಕು ಪ್ರಯತ್ನದ ಸಾಲಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಕೆಲವು ಕಾಲೇಜುಗಳು ಹಳೆಯ ದರ್ಜೆಯನ್ನು ತೆಗೆದು ಹೊಸದನ್ನು ಜಿಪಿಎಗೆ ಹಿಡಿಯುತ್ತವೆ, ಕೆಲವು ಕೆಟ್ಟ ಸೆಮಿಸ್ಟರ್ ಒಂದನ್ನು ಪೂರ್ತಿ ‘ಕ್ಷಮಿಸುವ’ ವ್ಯವಸ್ಥೆಯನ್ನೂ ಇಟ್ಟಿವೆ. ಕೇಂದ್ರದ ನೆರವಿನ ನಿಯಮದಲ್ಲಿ ಅಂಥ ಕ್ಷಮೆಗೆ ಜಾಗವಿಲ್ಲ. ಫೇಲಾದ ಕೋರ್ಸ್ ಮತ್ತೆ ತೆಗೆದುಕೊಳ್ಳಲು ನೆರವಿನ ಹಣ ಬಳಸಬಹುದು. ಒಮ್ಮೆ ಪಾಸಾದದ್ದನ್ನೇ ದರ್ಜೆ ಹೆಚ್ಚಿಸಿಕೊಳ್ಳಲು ತೆಗೆದುಕೊಂಡರೆ ಮಾತ್ರ ನೆರವು ಸಿಗುವುದು ಒಂದೇ ಬಾರಿ.

ಈಗ ನೋಟಿಸ್ ಅನ್ನು ಕೈಗೆತ್ತಿಕೊಂಡು ಅದರಲ್ಲಿರುವ ಪದವನ್ನು ನೋಡಿ: ‘ವಾರ್ನಿಂಗ್’ ಎಂದಿದೆಯೇ, ‘ಸಸ್ಪೆನ್ಷನ್’, ಅಂದರೆ ನೆರವು ನಿಲ್ಲಿಸಲಾಗಿದೆ ಎಂದಿದೆಯೇ? ನೀವು ಅದನ್ನು ಬರೆದಿಲ್ಲ, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ.

ಪ್ರತಿ ಸೆಮಿಸ್ಟರ್ ಮುಗಿದಾಗಲೂ ಸ್ಯಾಪ್ ಪರಿಶೀಲಿಸುವ ಕಾಲೇಜುಗಳು ಮೊದಲ ಬಾರಿ ತಪ್ಪಿದವರಿಗೆ ವಾರ್ನಿಂಗ್ ಕೊಡಬಹುದು. ಅದಕ್ಕೆ ಮೇಲ್ಮನವಿ ಬೇಡ, ಅರ್ಜಿ ಬೇಡ. ಮುಂದಿನ ಒಂದು ಸೆಮಿಸ್ಟರ್‌ಗೆ ನೆರವು ಹಾಗೆಯೇ ಬರುತ್ತದೆ. ಅದರ ಕೊನೆಯಲ್ಲಿ ಮತ್ತೆ ಲೆಕ್ಕ ಹಾಕುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ಪರಿಶೀಲಿಸುವ ಕಾಲೇಜುಗಳಿಗೆ ವಾರ್ನಿಂಗ್ ಕೊಡುವ ಅವಕಾಶವೇ ಇಲ್ಲ, ತಪ್ಪಿದರೆ ನೇರವಾಗಿ ನೆರವು ನಿಲ್ಲುತ್ತದೆ. ನಿಮ್ಮ ನೋಟಿಸ್ ಡಿಸೆಂಬರ್‌ನಲ್ಲಿ, ಶೈಕ್ಷಣಿಕ ವರ್ಷದ ನಡುವೆ ಬಂದಿದೆ. ಹಾಗಾಗಿ ನಿಮ್ಮದು ಪ್ರತಿ ಸೆಮಿಸ್ಟರ್ ನೋಡುವ ಕಾಲೇಜು, ಇದು ಬಹುಶಃ ವಾರ್ನಿಂಗ್ ಇರಬೇಕು ಎಂಬುದು ನನ್ನ ಅಂದಾಜು.

ವಾರ್ನಿಂಗ್ ಆಗಿದ್ದರೆ ಜನವರಿಯಲ್ಲಿ ಅವಳು ಎಷ್ಟು ಕ್ರೆಡಿಟ್‌ಗೆ ಸೇರುತ್ತಾಳೆ ಎನ್ನುವುದನ್ನು ಪೆನ್ನು ಕಾಗದ ಹಿಡಿದು ತೀರ್ಮಾನಿಸಬೇಕು. ಹನ್ನೆರಡು ತೆಗೆದುಕೊಂಡು ಹನ್ನೆರಡನ್ನೂ ಮುಗಿಸಿದರೆ 58ಕ್ಕೆ 42, ಅಂದರೆ ಶೇ 72.4. ಗೆದ್ದಳು. ಹದಿನೈದು ತೆಗೆದುಕೊಂಡು ಎಲ್ಲ ಮುಗಿಸಿದರೆ 73.8. ಎರಡರ ನಡುವೆ ದೊಡ್ಡ ಅಂತರವಿಲ್ಲ ನೋಡಿ. ಆದರೆ ಹನ್ನೆರಡರಲ್ಲಿ ನಾಲ್ಕು ಕ್ರೆಡಿಟ್‌ನ ಒಂದೇ ಒಂದು ಕೋರ್ಸ್ ಬಿಟ್ಟರೂ 58ಕ್ಕೆ 38, ಶೇ 65.5, ಮತ್ತೆ ಗೆರೆಯ ಕೆಳಗೆ. ಹದಿನೈದರಲ್ಲಿ ಅದೇ ಕೋರ್ಸ್ ಬಿಟ್ಟರೆ 61ಕ್ಕೆ 41, ಶೇ 67.2, ಕೂದಲೆಳೆಯಲ್ಲಿ ಪಾರು. ದುಃಖದಲ್ಲಿರುವ ಹುಡುಗಿಗೆ ಹದಿನೈದರ ಭಾರ ಹೊರಿಸಿ ಎಂದು ನಾನು ಹೇಳುವುದಿಲ್ಲ. ನನ್ನ ಮಗಳಾಗಿದ್ದರೆ ಹನ್ನೆರಡು ಅಥವಾ ಹದಿಮೂರು ತೆಗೆದುಕೊಂಡು ಎಲ್ಲವನ್ನೂ ಮುಗಿಸು ಎನ್ನುತ್ತಿದ್ದೆ.

ತರಗತಿ ಶುರುವಾದ ಮೊದಲ ಕೆಲವು ದಿನ ‘ಆಡ್-ಡ್ರಾಪ್’ ಅವಧಿ ಇರುತ್ತದೆ. ಆಗ ಕೋರ್ಸ್ ಬಿಟ್ಟರೆ ಅಂಕಪಟ್ಟಿಯಲ್ಲಿ ಕುರುಹೂ ಉಳಿಯುವುದಿಲ್ಲ. ಅದು ಮುಗಿದ ಮರುದಿನ ಬಿಟ್ಟರೂ ಡಬ್ಲ್ಯೂ. ಹಾಗಾಗಿ ಕಷ್ಟವೆನಿಸುವ ಕೋರ್ಸ್ ಇದ್ದರೆ ಮೊದಲ ವಾರದಲ್ಲಿಯೇ ಮನಸ್ಸು ಗಟ್ಟಿ ಮಾಡಿಕೊಳ್ಳಲಿ. ಹನ್ನೆರಡಕ್ಕಿಂತ ಕೆಳಗಿಳಿದರೆ ಪೆಲ್ ಗ್ರಾಂಟ್ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ಹೋಪ್ ಸ್ಕಾಲರ್‌ಶಿಪ್ ಬೇರೆಯೇ ಲೆಕ್ಕ. ನನಗೆ ಸ್ಯಾಪ್‌ಗಿಂತ ಅದರ ಚಿಂತೆಯೇ ಹೆಚ್ಚು. 1993ರಿಂದ ಜಾರ್ಜಿಯಾ ಲಾಟರಿಯ ಹಣದಿಂದ ನಡೆದುಬಂದಿರುವ ಈ ವಿದ್ಯಾರ್ಥಿವೇತನಕ್ಕೆ ಸ್ಯಾಪ್ ಸಾಲದು, ಜಿಪಿಎ 3.0 ಇರಬೇಕು. ಪ್ರಯತ್ನಿಸಿದ ಕ್ರೆಡಿಟ್ 30, 60, 90 ಆದಾಗಲೂ, ಪ್ರತಿ ವಸಂತ ಸೆಮಿಸ್ಟರ್‌ನ ಕೊನೆಯಲ್ಲಿಯೂ ಪರಿಶೀಲಿಸುತ್ತಾರೆ. ಮೊದಲ ವರ್ಷದ ಕೊನೆಗೆ ನಿಮ್ಮ ಮಗಳು ಸರಿಯಾಗಿ 3.0ಯಲ್ಲಿದ್ದಳು, ಪಾರಾದಳು. ಈ ಮೇ ತಿಂಗಳಲ್ಲಿ ಅಂಕಪಟ್ಟಿಯ ಜಿಪಿಎಯಂತೆಯೇ ಲೆಕ್ಕ ಹಾಕಿದರೆ, 15 ಕ್ರೆಡಿಟ್‌ಗಳಲ್ಲಿ ಸರಾಸರಿ 3.6 ಬಂದರೆ ಮಾತ್ರ 3.0 ಮುಟ್ಟುತ್ತಾಳೆ. ಹೋಪ್‌ನ ಲೆಕ್ಕ ಸ್ವಲ್ಪ ಬೇರೆ: ಕೆಲವು ವಿಜ್ಞಾನ, ಗಣಿತ ಕೋರ್ಸ್‌ಗಳ ಬಿ, ಸಿ, ಡಿ ದರ್ಜೆಗಳಿಗೆ ಅರ್ಧ ಅಂಶ ಹೆಚ್ಚಿಗೆ ಸಿಗುತ್ತದೆ. ಬಯಾಲಜಿ ಓದುವವಳಿಗೆ ಅದು ಆಸರೆಯಾಗಬಹುದು. ರಾಜ್ಯದ ಜಿಎಫ್ಯೂಚರ್ಸ್ ಜಾಲತಾಣದ ಖಾತೆಯಲ್ಲಿ ಅವಳ ಹೋಪ್ ಜಿಪಿಎ ಎಷ್ಟಿದೆ ಎಂದು ಅವಳೇ ನೋಡಬಹುದು. ಒಂದು ಬಾರಿ ಕಳೆದುಕೊಂಡರೆ ಮುಂದಿನ 60 ಅಥವಾ 90ರ ಹಂತದಲ್ಲಿ 3.0 ಮುಟ್ಟಿ ಮತ್ತೆ ಪಡೆಯಬಹುದು. ಎರಡನೆಯ ಬಾರಿ ಕಳೆದುಕೊಂಡರೆ ಮರಳಿ ಸಿಗುವುದಿಲ್ಲ. ಈ ವರ್ಷ ಹೋಪ್ ಕೈತಪ್ಪಬಹುದು ಎಂದು ಈಗಲೇ ಮನೆಯ ಲೆಕ್ಕದಲ್ಲಿ ಹಿಡಿದುಕೊಳ್ಳಿ. ಅದು ನಿಷ್ಠುರವಾದ ಮಾತು, ಆದರೆ ಆಗಸ್ಟ್‌ನಲ್ಲಿ ಶುಲ್ಕದ ಬಿಲ್ ನೋಡಿ ಗಾಬರಿಯಾಗುವುದಕ್ಕಿಂತ ಈಗ ಗೊತ್ತಿರುವುದು ಮೇಲು.

ಇನ್ನು ನೋಟಿಸ್‌ನಲ್ಲಿ ‘ಸಸ್ಪೆನ್ಷನ್’ ಎಂದೇ ಇದ್ದರೆ, ಅಥವಾ ಮೇ ತಿಂಗಳಲ್ಲಿ ಆ ಸ್ಥಿತಿ ಬಂದರೆ, ಮೇಲ್ಮನವಿಯೇ ದಾರಿ. ಅದನ್ನು ಬರೆಯಬೇಕಾದವಳು ನಿಮ್ಮ ಮಗಳು, ನೀವಲ್ಲ. ಇದು ಬರಿಯ ಶಿಷ್ಟಾಚಾರದ ಮಾತಲ್ಲ. ಇಲ್ಲಿ ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ಫೆರ್ಪಾ ಕಾಯ್ದೆಯ ಪ್ರಕಾರ ವಿದ್ಯಾರ್ಥಿಯದೇ. ಅವಳು ಬರವಣಿಗೆಯಲ್ಲಿ ಒಪ್ಪಿಗೆ ಕೊಡದಿದ್ದರೆ ನೀವು ಕೌಂಟರಿನಲ್ಲಿ ಎಷ್ಟು ಹೊತ್ತು ನಿಂತರೂ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ನಾನು ಆ ಕೌಂಟರಿನ ಒಳಗಡೆ ವರ್ಷಗಟ್ಟಲೆ ಕುಳಿತವಳು. ಅಪ್ಪಂದಿರು ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುವುದನ್ನು ನೋಡಿ ಸಂಕಟಪಟ್ಟಿದ್ದೇನೆ, ಆದರೂ ಬಾಯಿ ಬಿಡುವಂತಿರಲಿಲ್ಲ.

ಮೇಲ್ಮನವಿಯ ಕಾರಣಗಳೆಂದು ನಿಯಮ ಹೆಸರಿಸುವುದು ಇವನ್ನು: ಬಂಧುವಿನ ಸಾವು, ವಿದ್ಯಾರ್ಥಿಯ ಗಾಯ ಅಥವಾ ಕಾಯಿಲೆ, ಇಲ್ಲವೇ ಇತರ ವಿಶೇಷ ಸಂದರ್ಭ. ಬಂಧು ಎಂದಷ್ಟೇ ಇದೆ, ತಂದೆ ತಾಯಿ ಎಂದಿಲ್ಲ. ಅಜ್ಜಿಯ ಸಾವು ‘ದೊಡ್ಡ ಕಾರಣವಲ್ಲ’ ಎಂದು ನಿಮ್ಮ ಮಗಳು ಅಳುಕುವುದು ಬೇಡ. ಕಾರಣದ ಜೊತೆಗೆ ಇನ್ನೊಂದನ್ನೂ ಹೇಳಲೇಬೇಕು: ಈಗ ಏನು ಬದಲಾಗಿದೆ, ಮುಂದಿನ ಪರಿಶೀಲನೆಯ ಹೊತ್ತಿಗೆ ಹೇಗೆ ಸರಿಹೋಗುತ್ತದೆ. ನಾನು ಓದಿದ ಮೇಲ್ಮನವಿಗಳು ಬಿದ್ದುಹೋಗುತ್ತಿದ್ದದ್ದು ಬಹುತೇಕ ಈ ಎರಡನೆಯ ಅರ್ಧ ಇಲ್ಲದೆ. ‘ಅಜ್ಜಿ ತೀರಿಕೊಂಡರು, ನನಗೆ ತುಂಬಾ ದುಃಖವಾಗಿತ್ತು, ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆ’ ಎಂದು ಬರೆದರೆ ಓದುವವರ ಕರುಳು ಚುರುಕ್ಕೆನ್ನುತ್ತದೆ, ಆದರೆ ‘ಮಂಜೂರು’ ಎಂದು ಬರೆಯಲು ಅದರಲ್ಲಿ ಆಧಾರವಿರುವುದಿಲ್ಲ. ಹೀಗೆ ಬರೆಯಲಿ: ‘ಅಕ್ಟೋಬರ್‌ನಲ್ಲಿ ಮೂರು ವಾರ ನಾನು ಭಾರತದಲ್ಲಿದ್ದೆ. ಆ ಅವಧಿಯಲ್ಲಿ ಇಂತಿಂಥ ಲ್ಯಾಬ್‌ಗಳು, ಒಂದು ಪರೀಕ್ಷೆ ತಪ್ಪಿದವು. ಮರಳಿದ ಮೇಲೆ ಎರಡು ಕೋರ್ಸ್ ಬಿಟ್ಟೆ, ಆರ್ಗಾನಿಕ್ ಉಳಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಈ ಸೆಮಿಸ್ಟರ್ ನಾನು ಎಲ್ಲಿಗೂ ಹೋಗುವುದಿಲ್ಲ. ಹನ್ನೆರಡು ಕ್ರೆಡಿಟ್ ಮಾತ್ರ ತೆಗೆದುಕೊಂಡಿದ್ದೇನೆ. ಕ್ಯಾಂಪಸ್‌ನ ಆಪ್ತಸಮಾಲೋಚಕರನ್ನು ಎರಡು ಬಾರಿ ಕಂಡಿದ್ದೇನೆ. ಎಲ್ಲವನ್ನೂ ಮುಗಿಸಿದರೆ ನನ್ನ ಪೇಸ್ ಶೇ 72.4 ಆಗುತ್ತದೆ.’ ಆ ಕೊನೆಯ ಅಂಕಿ ಇರುವ ಪತ್ರ ಸಮಿತಿಯ ಮೇಜಿಗೆ ಬಂದಾಗ, ಹುಡುಗಿಗೆ ತನ್ನ ಸ್ಥಿತಿ ಅರ್ಥವಾಗಿದೆ ಎಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಬರೆದದ್ದೆಲ್ಲ ನಿಜವಾಗಿರಬೇಕು, ಆಪ್ತಸಮಾಲೋಚಕರನ್ನು ಕಾಣದಿದ್ದರೆ ಮೊದಲು ಕಾಣಲಿ, ಆಮೇಲೆ ಬರೆಯಲಿ.

ಕ್ಯಾಲ್ಕುಲಸ್ ಬಿಟ್ಟದ್ದನ್ನು ಅಜ್ಜಿಯ ಸಾವಿಗೆ ಗಂಟು ಹಾಕಬೇಡಿ. ಅದು ಆರು ತಿಂಗಳು ಮೊದಲಿನದು, ತಾರೀಖು ಅಂಕಪಟ್ಟಿಯಲ್ಲಿಯೇ ಇದೆ. ‘ಅದು ನನಗೆ ಕಷ್ಟವಾಯಿತು, ಬೇಸಿಗೆಯಲ್ಲಿ ಮತ್ತೆ ತೆಗೆದುಕೊಳ್ಳುತ್ತೇನೆ’ ಎಂದರೆ ಸಾಕು.

ದಾಖಲೆಗಳ ವಿಷಯದಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಮರಣ ಪ್ರಮಾಣಪತ್ರದಲ್ಲಿ ಅಜ್ಜಿಯ ಹೆಸರು ಒಂದು ಬಗೆ, ಮೊಮ್ಮಗಳ ಕಾಲೇಜು ದಾಖಲೆಯಲ್ಲಿ ಇನ್ನೊಂದು ಬಗೆ. ಎರಡರಲ್ಲಿಯೂ ಸಮಾನವಾದ ಕುಟುಂಬದ ಹೆಸರು ಇರುವುದಿಲ್ಲ. ಇಲ್ಲಿನ ಅಧಿಕಾರಿಗೆ ಇವರಿಬ್ಬರೂ ಸಂಬಂಧಿಕರೆಂದು ತಿಳಿಯುವುದು ಹೇಗೆ? ಇದಕ್ಕಾಗಿ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸುವ ಅಲೆದಾಟ ಬೇಡ. ನಿಮ್ಮ ಭಾರತೀಯ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ನೋಡಿ, ಅಲ್ಲಿ ಸಾಮಾನ್ಯವಾಗಿ ತಾಯಿಯ ಹೆಸರು ಅಚ್ಚಾಗಿರುತ್ತದೆ. ಮಗಳ ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಿದೆ. ಎರಡರ ಪ್ರತಿ, ಮರಣ ಪ್ರಮಾಣಪತ್ರ, ಮಗಳ ವಿಮಾನದ ಟಿಕೆಟ್ ಅಥವಾ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮೊಹರು, ಇವನ್ನು ಒಂದರ ಹಿಂದೊಂದು ಜೋಡಿಸಿ ಮೇಲೆ ಎರಡು ಸಾಲಿನ ವಿವರಣೆ ಇಟ್ಟರೆ ಸಂಬಂಧವೂ ತಾರೀಖೂ ಎರಡೂ ಸ್ಪಷ್ಟ. ಪ್ರಮಾಣಪತ್ರದಲ್ಲಿ ಇಂಗ್ಲಿಷ್ ವಿವರ ಇಲ್ಲದಿದ್ದರೆ ಅನುವಾದ ಲಗತ್ತಿಸಿ.

ಮೇಲ್ಮನವಿ ಒಪ್ಪಿದರೆ ‘ಪ್ರೊಬೇಷನ್’ ಎನ್ನುತ್ತಾರೆ: ಒಂದು ಸೆಮಿಸ್ಟರ್ ನೆರವು, ಅಥವಾ ಸಲಹೆಗಾರರೊಂದಿಗೆ ಬರೆದುಕೊಂಡ ಶೈಕ್ಷಣಿಕ ಯೋಜನೆಯನ್ನು ಪಾಲಿಸುವವರೆಗೆ ನೆರವು. ಒಪ್ಪದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಸ್ವಂತ ಹಣದಿಂದ ಕೆಲವು ಕ್ರೆಡಿಟ್ ಮುಗಿಸಿ ಗೆರೆ ದಾಟಿದರೆ ನೆರವು ಮತ್ತೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಹತ್ತಿರದ, ಶುಲ್ಕ ಕಡಿಮೆಯಿರುವ ಕಾಲೇಜಿನಲ್ಲಿ ನಾಲ್ಕು ಕ್ರೆಡಿಟ್‌ನ ಕ್ಯಾಲ್ಕುಲಸ್ ಮುಗಿಸಿ ವರ್ಗಾಯಿಸಿಕೊಂಡರೆ, ಅದು ಪ್ರಯತ್ನ ಮತ್ತು ಗಳಿಕೆ ಎರಡಕ್ಕೂ ಸೇರುತ್ತದೆ. ಇವತ್ತಿನ ಲೆಕ್ಕಕ್ಕೇ ಸೇರಿಸಿದರೆ 50ಕ್ಕೆ 34, ಶೇ 68. ಆ ಕೋರ್ಸನ್ನು ತನ್ನ ವಿಶ್ವವಿದ್ಯಾಲಯ ಸ್ವೀಕರಿಸುತ್ತದೆ ಎಂಬ ಒಪ್ಪಿಗೆಯನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಪಡೆಯಲಿ.

ನಿಮ್ಮ ಹೆಂಡತಿಯ ಮಾತಿನಲ್ಲಿ ತಾಯಿಯ ಕಾಳಜಿ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಮಗಳಿಗೆ ನಿಜಕ್ಕೂ ಓದುವ ಸ್ಥಿತಿ ಇಲ್ಲದಿದ್ದರೆ, ಸೇರಿ ಮತ್ತೆ ಡಬ್ಲ್ಯೂ ತೆಗೆದುಕೊಳ್ಳುವುದಕ್ಕಿಂತ ಸೇರದೇ ಇರುವುದೇ ಲೇಸು. ಆದರೆ ಸೆಮಿಸ್ಟರ್ ಬಿಟ್ಟರೆ ಸ್ಯಾಪ್ ಅಂಕಿ ಒಂದಿಷ್ಟೂ ಸುಧಾರಿಸುವುದಿಲ್ಲ, ಮರಳಿ ಬಂದಾಗ ಅದೇ 65.2 ಕಾದಿರುತ್ತದೆ. ಅರ್ಧದಷ್ಟು, ಅಂದರೆ ಆರು ಕ್ರೆಡಿಟ್‌ಗಾದರೂ ದಾಖಲಾಗಿರುವವರೆಗೆ ಅವಳ ಸಾಲದ ಮರುಪಾವತಿ ಶುರುವಾಗುವುದಿಲ್ಲ. ಪೂರ್ತಿ ಬಿಟ್ಟರೆ ಆರು ತಿಂಗಳ ರಿಯಾಯಿತಿ ಅವಧಿ ಓಡಲಾರಂಭಿಸುತ್ತದೆ. ಹೋಗಲು ಮನಸ್ಸಿದ್ದು ಶಕ್ತಿ ಮಾತ್ರ ಕಡಿಮೆ ಇದೆ ಎನ್ನುವುದಾದರೆ ಒಂಬತ್ತು ಕ್ರೆಡಿಟ್ ತೆಗೆದುಕೊಂಡರೂ 55ಕ್ಕೆ 39, ಶೇ 70.9. ಅದೂ ಸಾಕು.

ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಅವಳಿಂದ ಎರಡನ್ನು ತಿಳಿದುಕೊಳ್ಳಿ. ನೋಟಿಸ್‌ನಲ್ಲಿರುವ ಪದ ಯಾವುದು, ಮೇಲ್ಮನವಿಗೆ ಕೊನೆಯ ದಿನ ಯಾವುದು. ಹಾಸನದಲ್ಲಿರುವ ನಿಮ್ಮ ಅಣ್ಣನಿಗೋ ತಂಗಿಗೋ ಫೋನ್ ಮಾಡಿ ಮರಣ ಪ್ರಮಾಣಪತ್ರದ ಸ್ಪಷ್ಟವಾದ ಪ್ರತಿಯೊಂದನ್ನು ಈಗಲೇ ತರಿಸಿಕೊಳ್ಳಿ. ವಾರ್ನಿಂಗ್ ಆಗಿದ್ದರೆ ಅದು ಈಗ ಬೇಕಾಗದಿರಬಹುದು, ಆದರೆ ಮೇ ತಿಂಗಳಲ್ಲಿ ಹುಡುಕುತ್ತಾ ಕೂರುವುದು ಬೇಡ.